ನೀರಿದ್ದೂ ಒಣಗಿಸಿದ ಗದ್ದೆ

೧೯೯೬ರ ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ, ಪಾಂಡವಪುರದ ಕಡೆಯ ಒಂದು ಊರಿನಲ್ಲಿ, ಹೊನ್ನಪ್ಪನ ಮಗ ಚಿಕ್ಕಸ್ವಾಮಿ ತನ್ನ ಗದ್ದೆಗೆ ಹರಿಯುತ್ತಿದ್ದ ನೀರಿಗೆ ತಾನೇ ಮಣ್ಣು ಹಾಕಿ ಕಟ್ಟಿದ. ಕಾಲುವೆಯಲ್ಲಿ ನೀರು ಧಾರಾಳವಾಗಿತ್ತು. ಸರದಿಯೂ ಅವರದೇ. ನಾಟಿಯಾಗಿ ತಿಂಗಳು ಕಳೆದಿದ್ದ ಪೈರು ಹಸಿರಾಗಿ ನಿಂತಿತ್ತು. ಅಂಥ ಹೊತ್ತಿನಲ್ಲಿ ನೀರು ಬೇಡ ಎಂದವನನ್ನು ಆ ಬಯಲಿನಲ್ಲಿ ಯಾರೂ ಕಂಡಿರಲಿಲ್ಲ.

"ತಲೆಗಿಲೆ ಕೆಟ್ಟೈತೇನ್ಲಾ?" ಬದುವಿನ ಮೇಲೆ ನಿಂತಿದ್ದ ಹೊನ್ನಪ್ಪ ಕೂಗಿದ. "ಜನ ನೀರಿಲ್ದೆ ಒಣಗುಸ್ತಾರೆ, ನೀನು ನೀರ್ ಮಡೀಕಂಡು ಒಣಗುಸ್ತಿದ್ದೀಯಲ್ಲ!"

"ಒಂದ್ ವಾರ ಕಣಪ್ಪ. ಮಣ್ಣು ಸಣ್ಣಗೆ ಬಿರಿದ್ರೆ ಸಾಕು. ಆಮೇಲೆ ಬುಡ್ತೀನಿ."

"ಬುಡೋಕೆ ನೀರು ನಿಮ್ಮಾವನ್ ಮನೇಲೈತಾ?"

ಆ ಮಾತಿನಲ್ಲಿ ಹುರುಳಿತ್ತು. ಹೊನ್ನಪ್ಪನ ಗದ್ದೆ ಕಾಲುವೆಯ ಕಟ್ಟಕಡೆಯದು. ಮೇಲಿನವರೆಲ್ಲರ ಗದ್ದೆ ತುಂಬಿ ಮಿಕ್ಕಿದ್ದು ಅಲ್ಲಿಗೆ ಬರಬೇಕು. ಅದಕ್ಕೆ ಹೊಂದಿಕೊಂಡ ಮೇಲಿನ ಗದ್ದೆ ದೇವಯ್ಯನದು. ನೀರಿನ ವಿಷಯಕ್ಕೆ ದೇವಯ್ಯನಿಗೂ ಹೊನ್ನಪ್ಪನಿಗೂ ಎಷ್ಟು ಸಲ ಕೈ ಕೈ ಮಿಲಾಯಿಸಿತ್ತೆಂದರೆ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವುದೂ ನಿಂತಿತ್ತು. ಬಿಟ್ಟುಕೊಟ್ಟ ಸರದಿಯನ್ನು ದೇವಯ್ಯ ವಾರದ ಮೇಲೆ ವಾಪಸು ಕೊಡುತ್ತಾನೆಂದು ನಂಬುವುದಕ್ಕೆ ಯಾವ ಆಧಾರವೂ ಇರಲಿಲ್ಲ.

ಅಪ್ಪನ ಷರತ್ತು ಸ್ಪಷ್ಟವಾಗಿತ್ತು. ತನ್ನ ಎರಡು ಗದ್ದೆಗಳಲ್ಲಿ ಕೆಳಗಿನದೊಂದನ್ನು ಮಗನ ಇಷ್ಟಕ್ಕೆ ಬಿಟ್ಟಿದ್ದ. "ಒಣಗೋದ್ರೆ, ಇನ್ಮೇಲೆ ಬೇಸಾಯದ ವಿಸ್ಯಕ್ಕೆ ನೀನು ಬಾಯಿ ಆಕ್ಕೂಡ್ದು. ನಾನ್ ಯೋಳ್ದಂಗೆ ಗೇಯ್ಬೇಕು, ಅಷ್ಟೆ." ಚಿಕ್ಕಸ್ವಾಮಿ ಒಪ್ಪಿಕೊಂಡಿದ್ದ. ಅಷ್ಟು ಧೈರ್ಯ ಅವನಿಗೆ ಬಂದದ್ದು ಜಪಾನಿನಲ್ಲಿ, ಅದೂ ಅವನೇ ಮಾಡಿದ ಒಂದು ತಪ್ಪಿನಿಂದ.

ಮೂರು ವರ್ಷದ ಹಿಂದೆ, ಯುವ ರೈತರನ್ನು ಹೊರದೇಶದ ರೈತರ ಮನೆಯಲ್ಲಿ ಒಂದು ವರ್ಷ ಇರಿಸುವ ಕಾರ್ಯಕ್ರಮವೊಂದಕ್ಕೆ ಅವನು ಅರ್ಜಿ ಹಾಕಿದ್ದ. ಆಯ್ಕೆಪಟ್ಟಿಯಲ್ಲಿ ಅವನಿಗಿಂತ ಮುಂದಿದ್ದ ಇಬ್ಬರು ಅಲ್ಲಿ ಮೀನನ್ನು ಹಸಿಯಾಗಿ ತಿನ್ನುತ್ತಾರೆಂದು ಕೇಳಿ ಹಿಂದೆ ಸರಿದರು. ಹಾಗೆ ಚಿಕ್ಕಸ್ವಾಮಿಯ ಪಾಲಿಗೆ ಜಪಾನ್ ಬಂತು. ಉತ್ತರದ ಕಡೆ, ಚಳಿಗಾಲದಲ್ಲಿ ಆಳೆತ್ತರ ಹಿಮ ಬೀಳುವ ಹಳ್ಳಿ. ಮನೆಯ ಯಜಮಾನ ಹೋಶಿನೊ, ಐವತ್ತು ದಾಟಿದ ಭತ್ತದ ರೈತ. ಜೊತೆಗೆ ಹೆಂಡತಿ ಮತ್ತು ಮುದಿ ತಾಯಿ.

ಅಲ್ಲಿ ಅವನಿಗೆ ಮೊದಲು ವಿಚಿತ್ರವೆನಿಸಿದ್ದು ಬಯಲಿನ ಮೌನ. ಅವನೂರಿನಲ್ಲಿ ನಾಟಿಯೆಂದರೆ ಹತ್ತಾರು ಹೆಂಗಸರು, ಹಾಡು, ಪರಸ್ಪರ ಕಾಲೆಳೆಯುವುದು, ಬದುವಿನ ಮೇಲೆ ಮುದ್ದೆಯ ಕುಕ್ಕೆ. ಇಲ್ಲಿ ಹೋಶಿನೊ ಒಬ್ಬನೇ ಯಂತ್ರದ ಮೇಲೆ ಕೂತು, ತಟ್ಟೆಗಳಲ್ಲಿ ಬೆಳೆಸಿದ ಸಸಿಗಳನ್ನು ದಾರ ಹಿಡಿದಂತೆ ನೆಟ್ಟುಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಗದ್ದೆ ಮುಗಿದಿತ್ತು. ಒಂದು ಮಾತೂ ಕೇಳಿರಲಿಲ್ಲ. ಚಿಕ್ಕಸ್ವಾಮಿಗೆ ಮೆಚ್ಚುಗೆಯೂ ಆಯಿತು, ಯಾರದೋ ಮನೆಯ ಮದುವೆಗೆ ಹೋಗಿ ವಾದ್ಯವಿಲ್ಲದೆ ಧಾರೆ ನೋಡಿದ ಹಾಗೂ ಆಯಿತು.

ಎರಡನೆಯದು, ಯಾರೂ ಅವನನ್ನು 'ನೀನು ಯಾರ ಮಗ, ಯಾವ ಜನ, ಎಷ್ಟು ಜಮೀನು' ಎಂದು ಕೇಳಲಿಲ್ಲ. ಮೊದಲ ತಿಂಗಳು ಇದು ಉದಾಸೀನವೆಂದುಕೊಂಡ. ಆಮೇಲೆ ಗಮನಿಸಿದ: ಅವನು ಖಾರಕ್ಕಾಗಿ ಚಡಪಡಿಸುತ್ತಿದ್ದುದನ್ನು ನೋಡಿದ ಅಜ್ಜಿ, ಏನನ್ನೂ ಕೇಳದೆ, ಹಿತ್ತಲಿನಲ್ಲಿ ಅವನಿಗಾಗಿ ಮೆಣಸಿನ ಗಿಡ ನೆಟ್ಟಿದ್ದಳು.

ಸ್ನಾನಕ್ಕೆ ಮೈ ತೊಳೆದುಕೊಂಡ ಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಅದೇ ನೀರಿಗೆ ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಇಳಿಯುತ್ತಾರೆ. ಮೊದಲ ಸರದಿ ಅತಿಥಿಯದು. ಹಂಡೆಯ ನೀರನ್ನು ಚೊಂಬಿನಲ್ಲಿ ಮೊಗೆದು ಸುರಿದುಕೊಂಡು ಬೆಳೆದವನಿಗೆ ಮೊದಮೊದಲು ಹೇಸಿಗೆಯೆನಿಸಿತು. ಕೊನೆಗೆ ಇಳಿಯುತ್ತಿದ್ದ ಹೋಶಿನೊನ ಹೆಂಡತಿಯ ಹೊತ್ತಿಗೂ ನೀರು ತಿಳಿಯಾಗಿಯೇ ಇರುವುದನ್ನು ನೋಡಿದ ಮೇಲೆ ಆ ಭಾವನೆ ಹೋಯಿತು. ತಮ್ಮ ನಂತರ ಇಳಿಯುವವರಿಗಾಗಿ ನೀರನ್ನು ಕದಡದೆ ಬಿಡುವುದು ಅಲ್ಲಿ ಮೈಗೂಡಿದ ಅಭ್ಯಾಸ.

ಅವನೂ ಅವರಿಗೆ ಒಂದು ಆಘಾತ ಕೊಟ್ಟ. ಒಂದು ಭಾನುವಾರ, ಊರಿನಿಂದ ಒಯ್ದಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ತೊಳಸಿದ. ಅವರಲ್ಲೂ ಅಕ್ಕಿಯನ್ನು ಕುಟ್ಟಿ ಮಾಡುವ ಅಂಟು ಉಂಡೆಯಿದೆ. ಅದನ್ನು ಅಗಿಯದೆ ನುಂಗಿ ಪ್ರತಿ ಹೊಸವರ್ಷ ಯಾರಾದರೂ ಮುದುಕರು ಉಸಿರುಕಟ್ಟುವುದುಂಟು. ಚಿಕ್ಕಸ್ವಾಮಿ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ಗುಳುಂ ಎನಿಸಿದ್ದೇ ತಡ, ಅಜ್ಜಿ ಕೂಗಿಕೊಂಡು ಎದ್ದು ಬಂದು ಅವನ ಬೆನ್ನಿಗೆ ಗುದ್ದತೊಡಗಿದಳು. ಅವನು ಎರಡನೆಯ ತುತ್ತನ್ನೂ ನುಂಗಿ ತೋರಿಸಿದ ಮೇಲೆ ಅಂಗೈಯಿಂದ ಅವನ ಗಂಟಲು ಮುಟ್ಟಿ ನೋಡಿ, "ಇವನ ದೇಶದವರ ಗಂಟಲೇ ಬೇರೆ" ಎಂದು ತೀರ್ಮಾನಿಸಿದಳು.

ಆ ವರ್ಷ ಅಲ್ಲಿ ಬೇಸಿಗೆ ಜೋರಾಗಿತ್ತು, ಮಳೆ ಕಡಿಮೆ. ಒಂದು ದಿನ ಹೋಶಿನೊ ಗದ್ದೆಯ ನೀರು ನಿಲ್ಲಿಸಿ, ಏನೋ ವಿವರಿಸಿದ. ಚಿಕ್ಕಸ್ವಾಮಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕೆಲವು ದಿನದ ಮೇಲೆ ಮನೆಯವರೆಲ್ಲ ನೆಂಟರ ಊರಿಗೆ ಹೋದರು. ಅವನು ಗದ್ದೆಯ ಕಡೆ ಹೋದ. ನೆಲ ಬಿರುಕು ಬಿಟ್ಟಿತ್ತು. ಪಕ್ಕದ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು.

ಕಡೇ ಗದ್ದೆಯ ಮನೆಯಲ್ಲಿ ಹುಟ್ಟಿದವನ ಕೈ ಯೋಚನೆಗಾಗಿ ಕಾಯುವುದಿಲ್ಲ. ನೀರು ಕಂಡಾಗ ತಿರುಗಿಸಿಕೊ, ಜಗಳ ಆಮೇಲೆ ಆಡೋಣ ಎಂದು ಹೊನ್ನಪ್ಪ ಕಲಿಸಿದ್ದ. ಚಿಕ್ಕಸ್ವಾಮಿ ಕಾಲುವೆಗೆ ಹಲಗೆ ಅಡ್ಡಕೊಟ್ಟು ಅಷ್ಟೂ ನೀರನ್ನು ಒಳಕ್ಕೆ ಬಿಟ್ಟ. ಸಂಜೆಗೆ ಗದ್ದೆಗಳು ತುಂಬಿ ತುಳುಕುತ್ತಿದ್ದವು. ಹೋಶಿನೊ ಬಂದು ನೋಡಿ ಸಂತೋಷಪಡುತ್ತಾನೆಂದು ಕಾದು ಕೂತ.

ಹೋಶಿನೊ ಬಂದ, ನೋಡಿದ. ಮುಖದ ಬಣ್ಣ ಇಳಿಯಿತು. ಹಲಗೆ ಕಿತ್ತು, ಗದ್ದೆಯ ನೀರನ್ನು ಹೊರಕ್ಕೆ ಬಿಟ್ಟ. ಅಂದಿನ ನೀರು ಕೆಳಗಿನ ಎರಡು ಮನೆಗಳದಾಗಿತ್ತು. ಒಣಗಿಸುವುದು ಮುಗಿಸಿ, ಮತ್ತೆ ನೀರಿಗಾಗಿ ಕಾಯುತ್ತಿದ್ದವರು ಅವರು.

ಇನ್ನು ತನ್ನನ್ನು ವಾಪಸು ಕಳಿಸುತ್ತಾರೆಂದು ಚಿಕ್ಕಸ್ವಾಮಿ ಬಟ್ಟೆ ಜೋಡಿಸಿಟ್ಟ. ಬೆಳಿಗ್ಗೆ ಹೋಶಿನೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಡಬ್ಬಿ ಸಿಹಿತಿಂಡಿ ಹಿಡಿದು, ಅವನನ್ನು ಕರೆದುಕೊಂಡು ಹೊರಟ. ಕೆಳಗಿನ ಮೊದಲ ಮನೆಯ ಬಾಗಿಲಲ್ಲಿ ಸೊಂಟ ಬಗ್ಗಿಸಿ ನಿಂತು ಹೇಳಿದ: "ನಿನ್ನೆ ನಾನು ನಿಮ್ಮ ನೀರು ತೆಗೆದುಕೊಂಡೆ. ತಪ್ಪಾಯಿತು."

ನಾನು ಎಂದ. ಈ ಹುಡುಗ ಎನ್ನಲಿಲ್ಲ. ಚಿಕ್ಕಸ್ವಾಮಿಯ ಊರಿನಲ್ಲಿ ಇಷ್ಟೊತ್ತಿಗೆ ಗುದ್ದಲಿ ಮೇಲೆದ್ದಿರುತ್ತಿತ್ತು. ಅವನೂ ಬಗ್ಗಿ ನಿಂತ. ಗೊತ್ತಿದ್ದಷ್ಟು ಭಾಷೆಯಲ್ಲಿ, ತನ್ನೂರಿನಲ್ಲಿ ಪೈರಿನ ಗದ್ದೆ ಬಿರುಕು ಬಿಟ್ಟರೆ ಸಾವಿನ ಮನೆಗೆ ಬರುವಂತೆ ಜನ ಬಂದು ನೋಡಿಕೊಂಡು ಹೋಗುತ್ತಾರೆಂದು ಹೇಳಿದ.

ಮನೆಯೊಡತಿ ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀರು ಕಂಡರೆ ಬಿಡದವನು ರೈತನೇ ಸರಿ. ಆದರೆ ಕೇಳಿ ತೆಗೆದುಕೊಳ್ಳಬೇಕು" ಎಂದು ಒಳಗೆ ಕರೆದು ಚಹಾ ಕೊಟ್ಟಳು.

ವಾಪಸು ಬರುವಾಗ ಹೋಶಿನೊ ಗದ್ದೆಗಿಳಿದು, ಚೆನ್ನಾಗಿ ಒಣಗಿದ್ದ ಮೂಲೆಯಿಂದ ಒಂದು ಬುಡ, ಸದಾ ನೀರು ನಿಲ್ಲುವ ತಗ್ಗಿನಿಂದ ಒಂದು ಬುಡ ಕಿತ್ತು ತೋರಿಸಿದ. ಒಣಗಿದ ಕಡೆಯ ಬೇರು ಬೆಳ್ಳಗೆ, ಉದ್ದಕ್ಕೆ ಇಳಿದಿತ್ತು. ತಗ್ಗಿನದು ಮೋಟಾಗಿ, ಕಪ್ಪಗಿತ್ತು. ಬಿರುಕಿನಲ್ಲಿ ಗಾಳಿ ಇಳಿದರೆ ಬೇರು ಆಳಕ್ಕೆ ಹೋಗುತ್ತದೆ, ಕಾಳು ಕಟ್ಟದೆ ಬುಡದಲ್ಲಿ ಒಡೆಯುವ ಮರಿ ತೆಂಡೆಗಳು ಹುಟ್ಟುವುದು ನಿಲ್ಲುತ್ತದೆ, ಕಾಂಡ ಗಟ್ಟಿಯಾಗಿ ಗಾಳಿಗೆ ಪೈರು ಮಲಗುವುದಿಲ್ಲ. ಜೋಡಿಸಿಟ್ಟ ಬಟ್ಟೆಯನ್ನು ಚಿಕ್ಕಸ್ವಾಮಿ ಬಿಚ್ಚಿಟ್ಟ. ಕೊಯ್ಲು ಮುಗಿಸಿ, ಹಿಮವನ್ನೂ ನೋಡಿಯೇ ಊರಿಗೆ ಬಂದ.

ಊರಿನಲ್ಲಿ ಜನ ಕೇಳಿದ್ದು ರೈಲು, ಟೀವಿಗಳ ಬಗ್ಗೆ. ಅವನು ಹೇಳುತ್ತಿದ್ದುದು ಆ ಬಾಗಿಲಲ್ಲಿ ಬಗ್ಗಿ ನಿಂತವನ ಬಗ್ಗೆ. ಮೊದಲ ವರ್ಷ ಅಪ್ಪ ಗದ್ದೆ ಮುಟ್ಟಗೊಡಲಿಲ್ಲ. ಎರಡನೆಯ ವರ್ಷ ಆ ಷರತ್ತಿನ ಮೇಲೆ ಕೊಟ್ಟ.

ನೀರು ಕಟ್ಟಿದ ದಿನ ಸಂಜೆ ಚಿಕ್ಕಸ್ವಾಮಿ ಪಾಂಡವಪುರದಿಂದ ಮೈಸೂರುಪಾಕಿನ ಪೊಟ್ಟಣ ತಂದು ದೇವಯ್ಯನ ಮನೆಗೆ ಹೋದ.

"ಯಾರ್ಗ್ಲಾ ಮದ್ವೆ?" ಎಂದ ದೇವಯ್ಯ, ಪೊಟ್ಟಣ ಮುಟ್ಟದೆ.

"ಮದ್ವೆ ಅಲ್ಲ ಕಣ್ ಮಾವ. ಓದೊರ್ಸ ನಿಮ್ ಬದ ಒಡ್ದು ನೀರ್ ತಕಂಡಿದ್ದು ನಾವೇ. ತಪ್ಪಾಯ್ತು."

"ಗೊತ್ತು ಬುಡ್ಲಾ. ಅದ್ಕೇ ತಾನೆ ನಾನು ನಿಮ್ ತೂಬ್ಗೆ ಕಲ್ಲ್ ಜಡ್ದಿದ್ದು." ದೇವಯ್ಯ ಬಾಯಿ ತಪ್ಪಿ ಅಂದುಬಿಟ್ಟು, ಮುಖ ತಿರುಗಿಸಿದ.

"ಈ ವಾರ ನಮ್ ಸರದಿ ನೀವ್ ತಕಳಿ. ಬರೋ ಸೋಮ್ವಾರ ನಂಗೆ ಬುಟ್ಕೊಡಿ. ನೀವ್ ಬುಡ್ನಿಲ್ಲ ಅಂದ್ರೆ ನನ್ ಪೈರು ವೋಯ್ತದೆ, ನಮ್ಮಪ್ಪನ್ ತಾವ ನನ್ ಮಾತೂ ವೋಯ್ತದೆ."

ದೇವಯ್ಯ ಪೊಟ್ಟಣವನ್ನು ಒಳಗೆ ಕೊಟ್ಟ.

ಸೋಮವಾರ ಬಂತು. ಗದ್ದೆ ಬೇಕಾದಷ್ಟು ಬಿರಿದಿತ್ತು. ಬಿಸಿಲೇರಿದರೂ ನೀರಿನ ಸುಳಿವಿಲ್ಲ. ತಾಯಿ ದ್ಯಾವಮ್ಮ ಬುತ್ತಿ ತಂದವಳು ಗದ್ದೆ ನೋಡಿ ಸೆರಗು ಬಾಯಿಗೆ ಹಿಡಿದಳು.

"ಬಂತೇನ್ಲಾ ನಿನ್ ಜಪಾನು?" ಹೊನ್ನಪ್ಪ ಗುದ್ದಲಿ ಎತ್ತಿಕೊಂಡ. "ಮೈಸೂರ್ ಪಾಕ್ ತಿಂದು ಅರಗಿಸ್ಕೊಂಡವ್ನೆ. ನಡಿ, ನಾನ್ ಇಸ್ಕೊಡ್ತೀನಿ ನೀರ!"

"ಅಪ್ಪ, ಗುದ್ಲಿ ಇಲ್ಲೇ ಬುಡು. ಮೊದ್ಲು ಕೇಳಾನ."

ಅಪ್ಪ ಬಿಡಲಿಲ್ಲ. ಇಬ್ಬರೂ ಕಾಲುವೆಯ ಗುಂಟ ಮೇಲಕ್ಕೆ ಹೋದರು. ದೇವಯ್ಯನ ಗದ್ದೆಯ ತಿರುವಿನಲ್ಲಿ, ದೇವಯ್ಯ ಒಬ್ಬನೇ ಸೊಂಟದವರೆಗೆ ಕೆಸರಿನಲ್ಲಿ ನಿಂತಿದ್ದ. ಬೆಳಗಿನ ಜಾವವೇ ಕಡೇ ಗದ್ದೆಯ ಕಡೆಗೆ ನೀರು ತಿರುಗಿಸಿದ್ದ. ಏಡಿ ಕೊರೆದ ಬಿಲ ದೊಡ್ಡದಾಗಿ ಕಾಲುವೆಯ ಏರಿ ಕುಸಿದು, ನೀರೆಲ್ಲ ಹಳ್ಳಕ್ಕೆ ನುಗ್ಗುತ್ತಿತ್ತು. ತುಂಬಿದ ಮಣ್ಣು ತುಂಬಿದಂತೆ ಕೊಚ್ಚಿ ಹೋಗುತ್ತಿತ್ತು.

"ನೋಡ್ತಾ ನಿಂತವ್ನಲ್ಲ ದೊಡ್ಮನ್ಸ!" ದೇವಯ್ಯ ಏದುಸಿರು ಬಿಡುತ್ತ ಹೊನ್ನಪ್ಪನ ಕಡೆ ಕೂಗಿದ. "ನಿನ್ ನೀರಿಗ್ ತಾನೆ ನಾನ್ ಸಾಯ್ತಿರಾದು!"

ಹೊನ್ನಪ್ಪ ಎತ್ತಿದ್ದ ಗುದ್ದಲಿಯನ್ನು ಇಳಿಸಿದ. ಆಮೇಲೆ ಪಂಚೆ ಮೇಲಕ್ಕೆ ಕಟ್ಟಿ ಇಳಿದ. "ಬರೀ ಮಣ್ಣಾಕುದ್ರೆ ನಿಂತದೇನ್ಲೇ? ಮೊದ್ಲು ಸೊಪ್ಪು ತುರುಕು. ಅರವತ್ತಾದ್ರೂ ಬುದ್ಧಿ ಬರ್ನಿಲ್ಲ."

"ನಿನ್ಗಿಂತ ಎಲ್ಡ್ ವರ್ಸಕ್ಕೆ ಚಿಕ್ಕೋನು ಕಣ್ಲಾ ನಾನು."

ಚಿಕ್ಕಸ್ವಾಮಿ ಹೊಂಗೆ ಸೊಪ್ಪು ಕಡಿದು ಕೊಟ್ಟ. ಅವರಿಬ್ಬರೂ ಬೈದಾಡಿಕೊಂಡೇ ತುಳಿದು ಗಟ್ಟಿ ಮಾಡಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೆಂಪು ನೀರು ಕಡೇ ಗದ್ದೆ ಮುಟ್ಟಿ, ಬಿರುಕುಗಳಲ್ಲಿ ಸಣ್ಣ ಗುಳ್ಳೆಯೆಬ್ಬಿಸುತ್ತ ಇಳಿಯಿತು. ದ್ಯಾವಮ್ಮ ತಂದಿದ್ದ ಮುದ್ದೆಯನ್ನು ಮೂವರೂ ಹಂಚಿಕೊಂಡು ಉಂಡರು.

"ಮುಂದಿನ್ ವರ್ಸ ನಮ್ ಮೇಲ್ಗದ್ದೆನೂವೆ ಒಣಗಿಸ್ಕೋ ಓಗು" ಎಂದ ಹೊನ್ನಪ್ಪ, ಮಗನ ಮುಖ ನೋಡದೆ.

"ಅಂಗಾರೆ ನೀರು ನಾನೇ ಬುಡ್ಬೇಕಲ್ಲ," ದೇವಯ್ಯ ಕೈ ತೊಳೆಯುತ್ತ ಅಂದ. "ಮೈಸೂರ್ ಪಾಕು ಇನ್ನೊಸಿ ಜಾಸ್ತಿ ತರ್ಲಿ. ಮೊಮ್ಮಕ್ಳು ನಂಗೆ ಒಂದ್ ಚೂರೂ ಬುಡ್ನಿಲ್ಲ."