ರತ್ನಳ ಕೆಂಪು ಗೀಟು

ಬೇರೆ ಹೆಂಗಸರು ತುರುಬಿಗೆ ಹೂ ಮುಡಿದರೆ ನಾಗರತ್ನ ಕೆಂಪು ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದಳು. ಬರೆಯುವ ಪೆನ್ನಲ್ಲ, ಬಣ್ಣದ ಪೆನ್ನು. ಅದರಿಂದ ಗೀಟು ಎಳೆದರೆ ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಜಿಗಣಿಯ ಒಂದು ಕಾರ್ಖಾನೆಯಲ್ಲಿ ಅವಳಿಗೆ ಮಾಲು ಪರೀಕ್ಷೆ ಮಾಡುವ ಕೆಲಸ. ಪಂಪಿಗೆ ಹಾಕುವ ಕಬ್ಬಿಣದ ಬಳೆಗಳು ರಾಶಿ ರಾಶಿಯಾಗಿ ಅವಳ ಮೇಜಿಗೆ ಬರುತ್ತವೆ. ಅವಳ ಕೈಯಲ್ಲೊಂದು ಅಳತೆಕಡ್ಡಿ. ಅದರ ಒಂದು ತುದಿ ಬಳೆಯೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹೆಚ್ಚುಕಮ್ಮಿಯಾದರೆ ಬಳೆಯ ಮೇಲೆ ಕೆಂಪು ಗೀಟು ಬಿತ್ತು, ಬಳೆ ಕೆಂಪು ಡಬ್ಬಕ್ಕೆ ಬಿತ್ತು. ಮಾಡಿದವನು ಸೂಪರ್‌ವೈಸರ್‌ನ ಭಾಮೈದನಾದರೂ ಅಷ್ಟೇ.

ಈ ಕಸುಬು ಕಾರ್ಖಾನೆಯ ಗೇಟಿನೊಳಗೇ ಇದ್ದಿದ್ದರೆ ನನಗೇನೂ ತೊಂದರೆಯಿರಲಿಲ್ಲ. ಅವಳು ಅದನ್ನು ನನ್ನ ಬಾಗಿಲಿಗೆ ತಂದಳು.

ನಮ್ಮದು ಆ ಕಾರ್ಖಾನೆಗಳ ಬೆನ್ನಿಗಿರುವ ಹಳ್ಳಿ. ರಾಗಿ ಬೆಳೆಯುತ್ತಿದ್ದ ಹೊಲ ಕಾರ್ಖಾನೆಗೆ ಹೋಯಿತು. ಉಳಿದ ತುಂಡಿನಲ್ಲಿ ಆರು ಮನೆಯ ವಠಾರ ಕಟ್ಟಿಸಿದೆವು. ಚರಂಡಿ ನೀರು ಒಳಗೆ ನುಗ್ಗಬಾರದೆಂದು ವಠಾರದ ಬಾಗಿಲಿಗೆ ಮೂರು ಮೆಟ್ಟಿಲು. ಕೊರೊನಾ ಮುಗಿದು ಕಾರ್ಖಾನೆಗಳು ಮತ್ತೆ ತೆರೆದ ವರ್ಷ ಆ ಮೆಟ್ಟಿಲ ಮುಂದೆ ನಾಲ್ಕು ಚಕ್ರದ ಸ್ಕೂಟರು ಬಂದು ನಿಂತಿತು. ಹಿಂದೆ ಮಡಿಸಿದ ಗಾಲಿಕುರ್ಚಿ. ನಾಗರತ್ನ ಹಿಂದಕ್ಕೆ ಕೈ ಚಾಚಿ ಅದನ್ನು ಇಳಿಸಿ, ಬಿಡಿಸಿ, ಸ್ಕೂಟರಿನಿಂದ ಅದಕ್ಕೆ ತಾನೇ ಜರುಗಿ ಕೂತಳು. ವಯಸ್ಸು ನಲವತ್ತರ ಹತ್ತಿರ. ಎಳೆಮಗುವಾಗಿದ್ದಾಗ ಪೋಲಿಯೊ ಬಂದು ಎರಡು ಕಾಲೂ ಬತ್ತಿದ್ದವು. ಭುಜ ಮಾತ್ರ ಗರಡಿಯಾಳಿನ ಹಾಗಿದ್ದವು.

"ಮನೆ ಖಾಲಿ ಇದೆಯಂತಲ್ಲ ಅಜ್ಜಿ?"

"ಐತೆ. ನಿಂಗೆ ಕೊಡಾಕಾಗಲ್ಲ," ಎಂದೆ. ಸುತ್ತಿಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ಯಾಕೆ?"

"ಯಾರಮ್ಮ ನಿನ್ನ ನೋಡ್ಕಳೋರು? ಬಿದ್ದುಗಿದ್ದು ಓದ್ರೆ ನನ್ನ ತಲೆಗೆ ಬರ್ತದೆ."

"ನನ್ನ ನೋಡ್ಕೊಳೋದು ಬೇಡ ಅಜ್ಜಿ. ನಿಮ್ಮ ಮೆಟ್ಲು ನೋಡ್ಕೊಳಿ."

ಚೀಲದಿಂದ ಟೇಪು ತೆಗೆದು ಬಗ್ಗಿ ಅಳೆದಳು. ನನ್ನನ್ನು ಕೇಳಲೂ ಇಲ್ಲ. "ಒಂದು ಏಳು ಇಂಚು, ಒಂದು ಐದೂವರೆ, ಮೇಲಿಂದು ಎಂಟು. ಮೂರಕ್ಕೂ ಮೂರು ಅಳತೆ. ಇದರಲ್ಲಿ ಕಾಲಿರೋರೂ ಬೀಳ್ತಾರೆ," ಎಂದಳು. ತುರುಬಿನಿಂದ ಪೆನ್ನು ಕಿತ್ತು ಕೆಳಗಿನ ಮೆಟ್ಟಿಲಿನ ಎದೆಗೆ ಒಂದು ಗೀಟು ಎಳೆದು, ಅದಕ್ಕೆ ಅಡ್ಡ ಇನ್ನೊಂದು ಎಳೆದು, ಸ್ಕೂಟರು ಹತ್ತಿ ಹೊರಟುಹೋದಳು.

ಮೇಲಿನ ಮೆಟ್ಟಿಲಲ್ಲಿ ಎಡವಿ ನಮ್ಮ ನಾದಿನಿ ಎರಡು ಹಲ್ಲು ಕಳೆದುಕೊಂಡಿದ್ದಳು. ಅವಳಿಗೆ ನಡೆಯಲು ಬರುವುದಿಲ್ಲವೆಂದು ನಾನು ಹತ್ತು ವರ್ಷ ಬೈದಿದ್ದೆ. ಅದು ಆಗ ನೆನಪಾಯಿತು. ನೆನಪಾದರೂ ಸಿಟ್ಟು ಇಳಿಯಲಿಲ್ಲ. ತೆಂಗಿನ ನಾರು, ಸೋಪಿನ ಪುಡಿ, ಕಕ್ಕಸು ತೊಳೆಯುವ ಆಸಿಡ್ ಎಲ್ಲ ಹಾಕಿ ಉಜ್ಜಿದೆ. ಸಿಮೆಂಟು ಬೆಳ್ಳಗಾಯಿತು, ಗೀಟು ಇನ್ನಷ್ಟು ಎದ್ದು ಕಂಡಿತು.

ಮಾರನೆಯ ದಿನ ಬೀದಿಗೆ ಬೀದಿಯೇ ಗಾಬರಿ. ನಮ್ಮ ಕಡೆ ಮನೆಯ ಮೇಲೆ ಕೆಂಪು ಗುರುತು ಬಿತ್ತೆಂದರೆ ರಸ್ತೆ ಅಗಲ ಮಾಡುತ್ತಾರೆ, ಅಲ್ಲಿಯವರೆಗೆ ಒಡೆಯುತ್ತಾರೆ ಎಂದೇ ಅರ್ಥ. ಸರ್ವೆಯವರು ಬಂದು ಹೋದರು ಎಂದು ಯಾರೋ ಹಬ್ಬಿಸಿದರು. ಎದುರು ಮನೆಯ ಚಂದ್ರಪ್ಪ ರಸ್ತೆಗೆ ಚಾಚಿಕೊಂಡಿದ್ದ ತನ್ನ ಶೀಟು ಮಾಡನ್ನು ತಾನೇ ಬಿಚ್ಚಿ ಒಳಗಿಟ್ಟ. ಹದಿನೈದು ವರ್ಷ ಊರೆಲ್ಲ ಹೇಳಿದರೂ ಬಿಚ್ಚದಿದ್ದವನು. ನನ್ನ ಬಾಡಿಗೆದಾರರಲ್ಲಿ ಇಬ್ಬರು ಬೇರೆ ಮನೆ ನೋಡಲು ಹೊರಟರು. ಅದು ಒಬ್ಬ ಹೆಣ್ಣುಮಗಳು ಎಳೆದ ಗೀಟು ಎಂದು ನಾನು ಬಾಯಿ ಬಡಿದುಕೊಂಡರೂ ಯಾರೂ ನಂಬಲಿಲ್ಲ. "ಅಜ್ಜಿಗೆ ಒಳಗಿನಿಂದ ಗೊತ್ತಾಗಿದೆ, ಹೇಳ್ತಾ ಇಲ್ಲ," ಎಂದರು.

ಸಂಜೆ ಶಿಫ್ಟು ಬಿಡುವ ಹೊತ್ತಿಗೆ ರಸ್ತೆಯಲ್ಲಿ ಅಡ್ಡ ನಿಂತು ಅವಳ ಸ್ಕೂಟರು ತಡೆದೆ.

"ಅಳಿಸೇ ಅದನ್ನ."

"ಸರಿಯಾಗದೆ ಗುರುತು ಅಳಿಸೋ ಪದ್ಧತಿ ನಮ್ಮಲ್ಲಿಲ್ಲ ಅಜ್ಜಿ."

"ನಿಮ್ಮಲ್ಲಿ ಅಂದ್ರೆ ಎಲ್ಲೇ? ಇದು ನನ್ನ ಮನೆ."

"ಹೌದು, ನಿಮ್ಮದೇ. ಅದಕ್ಕೇ ಸರಿ ಮಾಡಿಸೋದೂ ನೀವೇ. ಆಮೇಲೆ ನಾನೇ ಬಂದು ಅಳಿಸ್ತೀನಿ. ಅದಕ್ಕೆ ಬೇರೆ ಎಣ್ಣೆ ಇದೆ, ಕಾರ್ಖಾನೇಲಿ ಮಾತ್ರ ಸಿಗುತ್ತೆ."

ಹೀಗೆ ಅವಳು ನನ್ನನ್ನು ಹಿಡಿದುಹಾಕಿದಳು. ಗಾರೆಯ ವೆಂಕಟೇಶನನ್ನು ಕರೆಸಿ, ಮೆಟ್ಟಿಲ ಪಕ್ಕಕ್ಕೊಂದು ಇಳಿಜಾರು ಹಾಕು ಎಂದೆ. ಅವನು ಅರ್ಧ ದಿನದಲ್ಲಿ ಶಾಲೆಯ ಜಾರುಬಂಡೆಯಂಥದ್ದೊಂದು ಕಟ್ಟಿಕೊಟ್ಟ. ರತ್ನ ಬಂದು ನೋಡಿದಳು. "ಮೇಸ್ತ್ರಿ, ನೀವೇ ಕುರ್ಚೀಲಿ ಕೂತು ಹತ್ತಿ ತೋರಿಸಿ," ಎಂದಳು. ವೆಂಕಟೇಶ ಮೀಸೆ ತಿರುವಿಕೊಂಡು ಕೂತ. ಅರ್ಧಕ್ಕೆ ಏರಿದ, ಹಿಂದಕ್ಕೆ ಬಂದ, ಬಂದವನು ಚರಂಡಿಯ ಚಪ್ಪಡಿಯವರೆಗೂ ಬಂದ. ಇನ್ನೊಂದು ಗೀಟು ಬಿತ್ತು.

ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕಂತೆ. ಅಂದರೆ ನನ್ನ ಮೆಟ್ಟಿಲಿಗೆ ಇಪ್ಪತ್ತಡಿ. ಅಷ್ಟು ನೆಟ್ಟಗೆ ಹಾಕಿದರೆ ರ್‍ಯಾಂಪು ಚಂದ್ರಪ್ಪನ ಅಡುಗೆಮನೆಯಲ್ಲಿ ಮುಗಿಯುತ್ತದೆ. ಕೊನೆಗೆ ಅವಳೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ದಾರಿ ತೋರಿಸಿದಳು. ಗೋಡೆಯ ಪಕ್ಕ ಹೊರಟು, ಅಂಗಳದ ತುಳಸಿಕಟ್ಟೆಯನ್ನು ಒಂದು ಸುತ್ತು ಹಾಕಿ, ಬಾಗಿಲಿಗೆ ಬರುವ ದಾರಿ. ಅಲ್ಲಿಂದ ಮುಂದೆ ನನ್ನ ವಠಾರಕ್ಕೆ ಯಾರೇ ಬಂದರೂ ಮೆಟ್ಟಿಲು ಬಿಟ್ಟು ತುಳಸಿಗೆ ಪ್ರದಕ್ಷಿಣೆ ಹಾಕಿಯೇ ಬರುವಂತಾಯಿತು. ಗ್ಯಾಸಿನವನೂ ಹಾಕಿದ, ನೀರಿನ ಕ್ಯಾನಿನವನೂ ಹಾಕಿದ. ಅದು ಹಾಕಿಸಿದ್ದು ರತ್ನಳಿಗೆ, ಮೊದಲು ಬಳಸಿದವಳು ಹಲ್ಲು ಹೋದ ನಾದಿನಿ.

ರತ್ನ ಟೇಪು ಹಿಡಿದು, ತಿರುವಿನಲ್ಲಿ ಎರಡು ಬೆರಳು ಕಮ್ಮಿ ಎಂದಳು. ನಾನು ಪೊರಕೆ ಎತ್ತಿಕೊಂಡೆ. ಆಗ ಹಳದಿ ಪೆನ್ನು ತೆಗೆದು ಮೂಲೆಯಲ್ಲಿ ಸಣ್ಣ ಚುಕ್ಕೆ ಇಟ್ಟಳು.

"ಅಂಗಂದ್ರೆ ಏನೇ?"

"ಪೂರ್ತಿ ಸರಿಯಿಲ್ಲ, ಆದರೆ ಕೆಲಸಕ್ಕೆ ಬರುತ್ತೆ ಅಂತ. ಈ ಸಲಕ್ಕೆ ಬಿಟ್ಟಿದೀನಿ."

ಮಾತು ಕೊಟ್ಟಂತೆ ಕೆಂಪು ಗೀಟು ಅಳಿಸಿದಳು. ಚಂದ್ರಪ್ಪ ಮರುದಿನವೇ ತನ್ನ ಶೀಟು ಮಾಡನ್ನು ಮತ್ತೆ ಕಟ್ಟಿದ.

ಆ ಖಾಲಿ ಮನೆಗೆ ಬಂದು ಮೂರು ವರ್ಷ ಇದ್ದಳು. ಅವಳದು ಒಂದೇ ಕಾನೂನು: ಕೇಳದೆ ಮುಟ್ಟಬಾರದು. ಕುರ್ಚಿಯ ಹಿಂದಿನ ಹಿಡಿಯನ್ನು ಯಾರಾದರೂ ಹಿಡಿದರೆ, "ನಾನು ನಿಮ್ಮ ಹೆಗಲ ಮೇಲೆ ಕೈ ಹಾಕಿ ತಳ್ಳಿಕೊಂಡು ಹೋಗಲಾ?" ಎಂದು ಕೇಳುವಳು. ಎತ್ತರದ ಕೌಂಟರ್ ಇರುವ ಕಡೆ ಅವಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆಗ ಕೆಂಪು ಪೆನ್ನನ್ನು ಬಾವುಟದ ಹಾಗೆ ಎತ್ತಿ ಹಿಡಿಯುವಳು. ಆಚೆಯವರು ಎದ್ದು ಬಗ್ಗಿ ನೋಡುವವರೆಗೆ ಇಳಿಸುತ್ತಿರಲಿಲ್ಲ. ಅಯ್ಯೋ ಪಾಪ ಎಂದವರಿಗೆ, "ತಪ್ಪು ಅಳತೇದು, ನನ್ನದಲ್ಲ," ಎನ್ನುವಳು. ಸಾರು ಚೆನ್ನಾಗಿ ಮಾಡುತ್ತಿರಲಿಲ್ಲ. ಉಪ್ಪನ್ನೂ ಅಳೆದು ಹಾಕಿದರೆ ಸಾರು ಹೇಗೆ ಚೆನ್ನಾಗಿರುತ್ತದೆ?

ಒಂದು ಸಲ ನಮ್ಮ ಕಡೆಯ ಒಂದು ಸಂಘದವರು ಅಂಗವಿಕಲರ ದಿನಾಚರಣೆ ಇಟ್ಟುಕೊಂಡು, ರತ್ನಳನ್ನು ಸಾಧಕಿ ಎಂದು ಸನ್ಮಾನಿಸಲು ಕರೆದರು. ಅವಳು ರೇಷ್ಮೆ ಸೀರೆ ಉಟ್ಟಳು. ಊಟ ಇದೆಯೆಂದು ನಾನೂ ಹೋದೆ. ಕಲ್ಯಾಣಮಂಟಪದ ತುಂಬ ಕುರ್ಚಿಯವರು, ಊರುಗೋಲಿನವರು. ವೇದಿಕೆಗೆ ಮಾತ್ರ ಏಳು ಮೆಟ್ಟಿಲು. ಇಳಿಜಾರಿಲ್ಲ. ಅವಳ ಹೆಸರು ಕರೆದರು. ಬ್ಯಾಡ್ಜು ಹಾಕಿಕೊಂಡ ನಾಲ್ವರು ಗಂಡಸರು ತೋಳು ಮಡಿಸಿಕೊಂಡು ಬಂದರು.

"ಎರಡೇ ನಿಮಿಷ ಮೇಡಂ. ಎತ್ತಿ ಇಟ್ಬಿಡ್ತೀವಿ."

ರತ್ನ ಎರಡೂ ಚಕ್ರದ ಬ್ರೇಕು ಹಾಕಿದಳು. "ಎತ್ತಿ ಇಡೋಕೆ ನಾನು ಹಣ್ಣಿನ ಬುಟ್ಟಿ ಅಲ್ಲ ಸಾರ್."

"ಅತಿಥಿಗಳು ಕಾಯ್ತಿದಾರೆ ಮೇಡಂ."

"ಅವರ ಕಾಲು ಚೆನ್ನಾಗಿದೆಯಲ್ವಾ? ಇಳಿದು ಬರಲಿ."

ಒಬ್ಬ ನಗುತ್ತಾ ಕುರ್ಚಿಗೆ ಕೈ ಹಾಕಿಯೇ ಬಿಟ್ಟ. ಪೆನ್ನು ತುರುಬಿನಿಂದ ಹೊರಬಂದದ್ದು ನನಗೆ ಕಾಣಲಿಲ್ಲ. ಅವನ ಮುಂಗೈ ಮೇಲೆ ಕೆಂಪು ಗೀಟು ಕಂಡಿತು. ಸಂಜೆಯವರೆಗೆ ಅವನು ಆ ಕೈಯನ್ನು ಜೇಬಿನೊಳಗಿಟ್ಟುಕೊಂಡೇ ಓಡಾಡಿದ.

ನನಗೆ ಹಸಿವು. "ಎತ್ತುಸ್ಕೊಂಡು ಓಗಿ ಬಾರೇ, ಒತ್ತಾಯ್ತು," ಎಂದೆ.

ಅವಳು ಪಕ್ಕದಲ್ಲಿ ಕೂತಿದ್ದ ನನ್ನ ಕಿವಿಯ ಹತ್ತಿರ ವಾಲಿದಳು. "ಅಜ್ಜಿ, ಎತ್ತುವಾಗ ಸೀರೆ ಎಲ್ಲಿಗೆ ಹೋಗುತ್ತೆ ಅಂತ ಎತ್ತೋರು ನೋಡಲ್ಲ. ಕೆಳಗೆ ಕೂತೋರು ನೋಡ್ತಾರೆ. ನನ್ನ ಹತ್ತನೇ ಕ್ಲಾಸಿನ ಬಹುಮಾನ ಹಂಗೇ ತಗೊಂಡಿದೀನಿ. ಇನ್ನೊಂದು ಸಲ ಆಗಲ್ಲ."



ನಿರೂಪಣೆ ಮಾಡುವ ಹೆಣ್ಣುಮಗಳು ಹೆಸರನ್ನು ನಾಲ್ಕು ಸಲ ಕರೆದಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಊರುಗೋಲಿನ ಮುದುಕನೊಬ್ಬ, "ಸಾರ್, ಇಳೀರಿ ಸಾರ್," ಎಂದ. ಇನ್ನೊಬ್ಬ ಅಂದ. ಆಮೇಲೆ ಸಭೆಗೆ ಸಭೆಯೇ ಅಂದಿತು. ಮುಖ್ಯ ಅತಿಥಿ ಭಾರೀ ಆಳು. ಎದ್ದ. ಇಬ್ಬರು ಎರಡು ರಟ್ಟೆ ಹಿಡಿದರು, ಒಬ್ಬ ಪಂಚೆ ಎತ್ತಿ ಹಿಡಿದ. ಹಾಗೆ ಒಂದೊಂದೇ ಮೆಟ್ಟಿಲು ಇಳಿಸಿದರು. ಅವನನ್ನು ಯಾರೂ ಪಾಪ ಅನ್ನಲಿಲ್ಲ. ಅವನು ಇಳಿದ ಮೇಲೆ ಫೋಟೋದಲ್ಲಿ ಬೀಳಬೇಕಾದವರೆಲ್ಲ ಇಳಿದರು. ಶಾಲು ಇಳಿಯಿತು, ಪೇಟ ಇಳಿಯಿತು. ಮೇಲೆ ಉಳಿದದ್ದು ದೀಪದ ಕಂಬ ಒಂದೇ. ನಿರೂಪಣೆಯವಳು ಕಾಗದ ನೋಡಿಕೊಂಡು, "ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ," ಎಂದು ಓದುತ್ತಲೇ ಇದ್ದಳು.

ಶಾಲು ಹೊದೆಸಿಕೊಂಡ ರತ್ನ ಹೊರಡುವ ಮೊದಲು ಕೆಳಗಿನ ಮೆಟ್ಟಿಲಿನ ಹತ್ತಿರ ಕುರ್ಚಿ ನಿಲ್ಲಿಸಿದಳು. ಏನು ಮಾಡಿದಳೆಂದು ಹೇಳಬೇಕಾಗಿಲ್ಲ. ಆ ಮಂಟಪದಲ್ಲಿ ಆಮೇಲೆ ರ್‍ಯಾಂಪು ಆಯಿತೋ ಇಲ್ಲವೋ ಗೊತ್ತಿಲ್ಲ. ಒಂದು ತಿಂಗಳಾದ ಮೇಲೆ ಅಲ್ಲೇ ಒಂದು ಮದುವೆಗೆ ಹೋದಾಗ, ಗೀಟು ಮರೆಯಾಗುವಂತೆ ಹೂವಿನ ಕುಂಡ ಒತ್ತಿಟ್ಟಿದ್ದರು.

ಹೋದ ವರ್ಷ ಅವಳು ನನ್ನ ವಠಾರ ಬಿಟ್ಟಳು. ಅಪ್ಪನ ಜಾಗದಲ್ಲಿ ತಮ್ಮಂದಿರಿಗೆ ಸಮನಾಗಿ ತನ್ನ ಪಾಲು ಕೇಳಿ, ಜಗಳವಾಡಿ, ತೆಗೆದುಕೊಂಡು, ಆನೇಕಲ್ ರಸ್ತೆಯ ಕಡೆ ಸಣ್ಣ ಮನೆ ಕಟ್ಟಿಸಿದಳು. ಗಾರೆ ಕೆಲಸಕ್ಕೆ ವೆಂಕಟೇಶನೇ ಬೇಕೆಂದಳು. ಅವನು ಮೂರು ಸಲ ಓಡಿಹೋದ, ಮೂರು ಸಲ ಕರೆತಂದಳು. ಗೃಹಪ್ರವೇಶದ ದಿನ ನೆಂಟರ ಗದ್ದಲದಲ್ಲಿ ಏನೂ ನೋಡಲಾಗಲಿಲ್ಲ. ವಾರ ಕಳೆದು ಒಬ್ಬಳೇ ಹೋದೆ.

ಬಾಗಿಲಿಗೆ ಮೆಟ್ಟಿಲೂ ಇಲ್ಲ, ಹೊಸ್ತಿಲೂ ಇಲ್ಲ. ಹೊಸ್ತಿಲಿಲ್ಲದ ಮನೆಗೆ ಲಕ್ಷ್ಮಿ ಹೇಗೆ ಬರುತ್ತಾಳೆ ಎಂದೆ. "ಎಡವದೆ ಬರ್ತಾಳೆ," ಎಂದಳು. ಸ್ವಿಚ್ಚುಗಳೆಲ್ಲ ನನ್ನ ಸೊಂಟಕ್ಕಿದ್ದವು. ಗೋಡೆಯ ಕನ್ನಡಿಯಲ್ಲಿ ನನ್ನ ಹೊಟ್ಟೆ ಮಾತ್ರ ಕಂಡಿತು, ತಲೆ ಇರಲಿಲ್ಲ. ಕಾಫಿ ನಾನೇ ಮಾಡುತ್ತೇನೆಂದು ಅಡುಗೆಮನೆಗೆ ಹೋದೆ. ಒಲೆಯಿಟ್ಟ ಕಟ್ಟೆ ನನ್ನ ತೊಡೆಗೆ ಬರುತ್ತಿತ್ತು. ಹಾಲು ಉಕ್ಕುವುದನ್ನು ಬಗ್ಗಿ ಕಾಯುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು.

"ಇದೇನು ಮನೆಯೇ?" ಎಂದೆ. "ಇಲ್ಲಿ ಮನುಷ್ಯರು ಎಂಗೆ ನಿಂತ್ಕೊಳಾದು?"

ರತ್ನ ಹಿಂದೆಯೇ ಬಂದಿದ್ದಳು. ನಗಲಿಲ್ಲ. ನಗದೆ ಕೇಳಿದ್ದೇ ನನಗೆ ಹೆಚ್ಚು ತಾಗಿತು.

"ಯಾರನ್ನಾದ್ರೂ ಕರೀಲಾ ಅಜ್ಜಿ? ನಾಲ್ಕು ಜನ ಹಿಡ್ಕೊಂಡು ನಿಮ್ಮನ್ನ ಬಗ್ಗಿಸ್ತಾರೆ. ಎರಡೇ ನಿಮಿಷ."

ತುರುಬಿನಿಂದ ಪೆನ್ನು ತೆಗೆದು ನನ್ನ ಕಡೆ ಚಾಚಿದಳು. "ಇಲ್ಲಾಂದ್ರೆ ನೀವೇ ಹಾಕಿ. ಎಲ್ಲಿ ಅಳತೆ ಸರಿಯಿಲ್ಲ, ಅಲ್ಲಿ."

ಪೆನ್ನು ಹಿಡಿದುಕೊಂಡು ಸುತ್ತ ನೋಡಿದೆ. ಕಟ್ಟೆ, ಸ್ವಿಚ್ಚು, ಕನ್ನಡಿ. ಎಲ್ಲ ಅವಳ ಕೈಗೆ, ಅವಳ ಕಣ್ಣಿಗೆ ಸರಿಯಾಗಿದ್ದವು. ಎಳೆದರೆ ನನ್ನ ಮೇಲೇ ಎಳೆದುಕೊಳ್ಳಬೇಕು. ಹಾಲು ಉಕ್ಕಿತು. ನನಗೆ ಬಗ್ಗಲಾಗಲಿಲ್ಲ, ಅವಳೇ ಕೂತಲ್ಲಿಂದ ಕೈ ಚಾಚಿ ಒಲೆ ಆರಿಸಿದಳು.

"ಕೂರಾಕೆ ಏನಾದ್ರೂ ಐತೇನೇ?"

"ಇದೆ. ಉದ್ದ ಇರೋರಿಗೆ ಅಂತಲೇ ಒಂದು ಸ್ಟೂಲು ಮಾಡಿಸಿದೀನಿ," ಎಂದಳು. "ಬಂದಾಗಲೇ ಕೊಡಬಹುದಿತ್ತು. ನೀವು ಕೇಳಲಿ ಅಂತ ಸುಮ್ಮನಿದ್ದೆ."

ಬಾಗಿಲ ಹಿಂದಿನಿಂದ ಸ್ಟೂಲು ಎಳೆದು ಕೊಟ್ಟಳು. ಕನ್ನಡಿಯ ಎದುರು ಹಾಕಿಕೊಂಡು ಕೂತೆ. ಈಗ ತಲೆ ಕಂಡಿತು. ಹಣೆಯ ಬೊಟ್ಟು ಹುಬ್ಬಿನ ಮೇಲೆ ಜಾರಿ ಕೂತಿತ್ತು. ಎರಡು ಬಸ್ಸು ಹತ್ತಿ ಇಳಿದು ಬಂದಿದ್ದೆ, ದಾರಿಯಲ್ಲಿ ಒಬ್ಬರೂ ಹೇಳಿರಲಿಲ್ಲ.