ಕಮರಿಯನ್ನು ಬೆಟ್ಟ ಮಾಡಿದ ಭಾನುವಾರ

ಮನೆಯಲ್ಲಿ ಯಾರು ಏನೇ ಹೇಳಲಿ, ನಡೆದದ್ದು ಇಷ್ಟೇ: ಮರುಭೂಮಿಯ ಕಮರಿಯನ್ನು ನಾನು ಬೆಟ್ಟ ಮಾಡಿಬಿಟ್ಟೆ. ಮೊಮ್ಮಗಳು ನೋಡಿಕೊಂಡು ಸುಮ್ಮನಿದ್ದಳು.

ಅವಳು ಕಾಲೇಜಿನಲ್ಲಿ ಕಲ್ಲುಮಣ್ಣಿನ ಶಾಸ್ತ್ರ ಓದುತ್ತಾಳೆ. ಅಲ್ಲಿನ ಮೇಷ್ಟರು ಯಾವುದೋ ದೂರದ ಮರುಭೂಮಿಯ ನಕ್ಷೆ ಕೊಟ್ಟು, ಸೋಮವಾರ ಅದರ ಮಾದರಿ ಮಾಡಿ ತನ್ನಿ, ಸರಿಯಾಗಿ ಮಾಡಿದವರನ್ನು ಮಾತ್ರ ಅಲ್ಲಿಗೆ ಕರೆದೊಯ್ಯುತ್ತೇವೆ ಎಂದಿದ್ದರು. ನಕ್ಷೆಯ ತುಂಬ ಸುತ್ತು ಸುತ್ತು ಗೆರೆ. ಒಂದೊಂದು ಗೆರೆಯೂ ಒಂದೊಂದು ಎತ್ತರವಂತೆ, ಅದರ ನಂಬರು ಗೆರೆಯ ಮೇಲೇ ಇತ್ತು. ಒಂದು ಊರಿಲ್ಲ, ಒಂದು ರಸ್ತೆಯಿಲ್ಲ. ನಡುವೆ ನೀಲಿಯಾಗಿ ಒಂದು ನದಿ.

ಭಾನುವಾರ ಊಟವಾದರೂ ಹುಡುಗಿ ಅದನ್ನೇ ಹಿಡಿದು ಪೆಚ್ಚಾಗಿ ಕೂತಿದ್ದಳು. ನನಗೆ ತಡೆಯಲಿಲ್ಲ. ನಲವತ್ತು ವರ್ಷದಿಂದ ದಸರೆಯ ಗೊಂಬೆಗಳಿಗೆ ರಟ್ಟಿನ ಬೆಟ್ಟ ಕಟ್ಟುತ್ತಿರುವವಳು ನಾನು. ಚಿಕ್ಕಪೇಟೆಯ ಸೀರೆ ಡಬ್ಬಗಳನ್ನು ಅಟ್ಟದಿಂದ ಇಳಿಸಿ, ಮೈದಾ ಅಂಟು ಕಾಯಿಸಿದೆ. ಪ್ರತಿ ರಟ್ಟಿಗೂ ನಕ್ಷೆಯ ಒಂದು ಜೆರಾಕ್ಸ್ ಅಂಟಿಸಿ, ಒಂದೊಂದರಲ್ಲಿ ಒಂದೊಂದು ಗೆರೆಯ ಗುಂಟ ಕತ್ತರಿಸಿದೆವು. ಒಳಗಿನ ತುಂಡುಗಳನ್ನು ದೊಡ್ಡದರ ಮೇಲೆ ಚಿಕ್ಕದು ಬರುವಂತೆ ಪೇರಿಸಿದೆ. ಹೊರಗೆ ಉಳಿದ ತೂತಿನ ರಟ್ಟುಗಳನ್ನೆಲ್ಲ ಕಸವೆಂದು ಮೂಲೆಗೆ ತಳ್ಳಿದೆ.

ಕೊನೆಗೆ ಅವಳು ನದಿಯ ಜಾಗಕ್ಕೆ ನೀಲಿ ಉಲ್ಲನ್ ದಾರ ಇಟ್ಟಳು. ದಾರ ನೆತ್ತಿಯ ಮೇಲೆ ಕೂತಿತು.

"ಅಜ್ಜಿ, ನದಿ ಬೆಟ್ಟದ ತುದೀಲಿ ಹರೀತಿದೆ."

"ಆ ದೇಶದಲ್ಲಿ ಹಂಗೇನೋ. ನಾನೇನು ಹೋಗಿ ನೋಡಿದೀನಾ?"

"ನಂಬರ್ ನೋಡಿ. ನಡುವಿಗೆ ಬರ್ತಾ ಬರ್ತಾ ಕಮ್ಮಿ ಆಗ್ತಿದೆ. ಇದು ಬೆಟ್ಟ ಅಲ್ಲ, ಹಳ್ಳ."

"ಕತ್ತರಿಸೋವಾಗ ಬಾಯಲ್ಲಿ ಕಡುಬು ಇಟ್ಕೊಂಡಿದ್ಯೇನೇ?"

"ನೀವು ಮಾತಾಡೋಕೆ ಬಿಟ್ರೆ ತಾನೆ."

ಅವಳ ಕಣ್ಣಲ್ಲಿ ನೀರು ಬಂತು, ಅಷ್ಟರಲ್ಲೇ ನಗುವೂ ಬಂತು. ನಾನೂ ನಗಲು ಶುರುಮಾಡಿದೆ. ಹೊಟ್ಟೆ ಹಿಡಿದುಕೊಂಡು ಹೊರಳುವಾಗ ಮೂಲೆಯ ಕಸದ ಮೇಲೆ ಕಣ್ಣು ಬಿತ್ತು. ಚಿಕ್ಕ ತೂತಿನದನ್ನು ಕೆಳಗಿಟ್ಟೆ, ಅದರ ಮೇಲೆ ಇನ್ನೂ ದೊಡ್ಡ ತೂತಿನದು. ನಡುವೆ ಬಾಯಿ ತೆರೆಯಿತು. ಆರು ಪದರ ಏರುವಷ್ಟರಲ್ಲಿ ಗೋಡೆಗಳು ಎದ್ದು ನಿಂತವು, ಒಳಗೆ ಆಳವಾದ ಕಮರಿ. ನಾವು ಎಸೆದದ್ದೇ ಅದು. ದಾರ ತಳದಲ್ಲಿ ಹಾವಿನ ಹಾಗೆ ಮಲಗಿತು.

ಅವಳು ನನ್ನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸಿದಳು. ಮಂಡಿ ನೋವು ಎಂದು ಕೂಗಿದೆ; ಕೂಗುತ್ತಲೇ ತಿರುಗಿದೆ. ಸೊಸೆ ಬಂದು, ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಹೋದಳು.

ಮರುದಿನ ಬೆಳಿಗ್ಗೆ ಅಂಟಿನ್ನೂ ಹಸಿಯಾಗಿತ್ತು. ಕಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಮೊಮ್ಮಗಳ ಜೊತೆ ಆಟೋದಲ್ಲಿ ಕೂತೆ, ಗುಂಡಿ ಬಂದಾಗಲೆಲ್ಲ ಡ್ರೈವರ್‌ನನ್ನು ಬೈದೆ. ಕಾಲೇಜಿನ ಎರಡು ಮಹಡಿ ಹತ್ತಿ ಮೇಷ್ಟರ ಮೇಜಿನ ಮೇಲಿಟ್ಟೆ. ಅವರು ಬಗ್ಗಿ ಒಳಗೆಲ್ಲ ಬೆರಳಾಡಿಸಿ, ಮೊಮ್ಮಗಳ ಹೆಸರನ್ನು ಮರುಭೂಮಿಗೆ ಹೋಗುವವರ ಪಟ್ಟಿಗೆ ಬರೆದುಕೊಂಡರು. "ಒತ್ತಬೇಡಿ, ಇನ್ನೂ ಒಣಗಿಲ್ಲ" ಎಂದೆ.