ಜೀಪಿನ ಕಾಲಿಗೆ ಎರೆದ ಬಿಳಿನೀರು

ರೇಷ್ಮೆಹುಳು ಸಾಕುವ ನಮ್ಮ ಹುಳುಮನೆಯ ಬಾಗಿಲಲ್ಲಿ ಸದಾ ಒಂದು ಬಕೆಟ್ಟು ಇರುತ್ತಿತ್ತು. ಅದರಲ್ಲಿ ಬ್ಲೀಚಿಂಗ್ ಪುಡಿ ಕದಡಿದ ಬಿಳಿನೀರು. ಅದರಲ್ಲಿ ಕೈ ಅದ್ದಿ, ಕಾಲಿಗೆ ಹೊಯ್ದುಕೊಳ್ಳದ ಹೊರತು ಯಾರೂ ಒಳಗೆ ಅಡಿಯಿಡುವಂತಿರಲಿಲ್ಲ. ಬೀಗರೇ ಬಂದರೂ ಅದೇ ಕಟ್ಟಳೆ. ಕಟ್ಟಳೆ ನನ್ನ ಅತ್ತಿಗೆಯದು. ರೈಲ್ವೆಯಲ್ಲಿ ಗಡಿಯಾರ ನೋಡಿಕೊಂಡೇ ಉಸಿರಾಡಿ, ನಿವೃತ್ತನಾಗಿ ರಾಮನಗರದ ಹತ್ತಿರ, ಕೈಲಾಂಚದ ಕಡೆಯ ನಮ್ಮೂರಿಗೆ ಮರಳಿದ್ದ ನನಗೆ ಆ ಬಕೆಟ್ಟಿನ ಮೇಲೆ ಭಕ್ತಿಯೇ ಹುಟ್ಟಿತ್ತು. ಅದರ ಮೇಲೂ ಅನುಮಾನಪಡುವ ದಿನ ಬರುತ್ತದೆಂದು ನೀವು ಆಗ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ, ಸ್ನೇಹಿತರೇ.

ರಾಗಿಹೊಲಗಳೆಲ್ಲ ಹಿಪ್ಪುನೇರಳೆಗೆ ತಿರುಗಿ, ಊರಿಗೆ ಊರೇ ರೇಷ್ಮೆಯ ಮಾತಾಡುತ್ತಿದ್ದ ವರ್ಷಗಳವು. ಹಿಂದಿನ ಬೆಳೆಯಲ್ಲಿ ಹಾಲುತೊಂಡೆ ರೋಗ ಬಂದು, ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳನ್ನೆಲ್ಲ ಅತ್ತಿಗೆ ತನ್ನ ಕೈಯಾರೆ ಗುಂಡಿಗೆ ಸುರಿದಿದ್ದಳು. ಅಂದಿನಿಂದ ಬಕೆಟ್ಟಿನ ಆಳ್ವಿಕೆ ನಮ್ಮ ಹಳೆಯ ಪೆಟ್ರೋಲ್ ಜೀಪಿನವರೆಗೂ ಹಬ್ಬಿತು. ರಾಮನಗರದ ಮಾರುಕಟ್ಟೆಯಲ್ಲಿ ಎಲ್ಲ ಊರಿನ ಗೂಡೂ ಬಂದು ಬೀಳುತ್ತದಲ್ಲ, ರೋಗ ಚಕ್ರ ಹತ್ತಿಕೊಂಡು ಬಂದೀತೆಂದು ಆಕೆಯ ಲೆಕ್ಕ. ಪೇಟೆಯಿಂದ ಜೀಪು ಬಂದ ಕೂಡಲೇ ಚಕ್ರಕ್ಕೆ, ಹೊಟ್ಟೆಯಡಿಗೆ, ಎಂಜಿನ್ನಿನ ಕೆಳಗೆ ಚೊಂಬುಚೊಂಬಾಗಿ ಬಿಳಿನೀರು ಎರಚುವಳು. ನಾನು ಪಕ್ಕದಲ್ಲಿ ನಿಂತು, "ಅಲ್ಲೊಂದ್ ಕಡೆ ಬಿಟ್ಟೋಯ್ತು, ಅತ್ಗೆ" ಎಂದು ತೋರಿಸುವೆನು.

ಅದೇ ಜೀಪು ಆ ಬಾರಿ ಗೂಡು ಬಿಡಿಸಿದ ಬೆಳಿಗ್ಗೆ ಕೈಕೊಟ್ಟಿತು. ಗೂಡಿನ ಕಷ್ಟ ನಿಮಗೆ ಗೊತ್ತಲ್ಲ: ಮೂಟೆಯಲ್ಲಿ ಹೆಚ್ಚು ಹೊತ್ತು ಇಟ್ಟರೆ ಕಾವಿಗೆ ಕೆಡುತ್ತದೆ, ದಿನ ತಳ್ಳಿದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬರುತ್ತದೆ. ಊರಿನ ಬೇರೆ ಗಾಡಿಗಳೆಲ್ಲ ಆಗಲೇ ಹೊರಟುಹೋಗಿದ್ದವು. ಅತ್ತಿಗೆ ಮೂಟೆಗಳ ಬಾಯಿ ಬಿಚ್ಚಿ ಗಾಳಿಯಾಡಿಸುತ್ತಿದ್ದಳು.

ಮೆಕ್ಯಾನಿಕ್ಕನ ಮಾತು ಕೇಳಿ ಈ ಮೊದಲೇ ಬ್ಯಾಟರಿ ಬದಲಾಯಿಸಿದ್ದಾಗಿತ್ತು, ಅದಕ್ಕೆ ಕರೆಂಟು ತುಂಬುವ ಡೈನಮೋಗೆ ಹೊಸ ಸುರುಳಿ ಸುತ್ತಿಸಿದ್ದೂ ಆಗಿತ್ತು. ಆದರೂ ಬ್ಯಾಟರಿ ಮತ್ತೆ ಮತ್ತೆ ಬರಿದಾಗುತ್ತಿತ್ತು. ತಳ್ಳಿ ಶುರು ಮಾಡಿದರೂ ಗಾಡಿ ಊರು ದಾಟುವಷ್ಟರಲ್ಲಿ ಕೆಮ್ಮಿ ನಿಲ್ಲುವುದು. ಪಕ್ಕದ ಮನೆಯ ಕೆಂಪಣ್ಣ ಜಗಲಿಯಿಂದಲೇ ಕೂಗಿದ: "ಏನ್ಲಾ, ಹಣ್ಣಾದ್ ಹುಳ ಇದ್ದಂಗೆ ಮೂತಿ ಎತ್ಕಂಡ್ ನಿಂತ್ಬುಟ್ಟೈತಲ್ಲ ನಿನ್ ಜೀಪು! ಗೂಡ್ ಕಟ್ತದೇನೋ, ಒಸಿ ನೋಡು!"

"ನಗಾಡ್ಬ್ಯಾಡ, ಬಂದು ತಳ್ಳು" ಎಂದೆ. ತಳ್ಳಿದ, ನಗುತ್ತಲೇ.

ಎಂಜಿನ್ನು ಓಡುತ್ತಿರುವಾಗಲೇ ನಾನು ರೈಲ್ವೆಯಲ್ಲಿ ಕಲಿತ ಕ್ರಮದಂತೆ ಒಂದೊಂದನ್ನೇ ನೋಡುತ್ತ ಹೋದೆ. ಬೆಲ್ಟು ಬಿಗಿಯಾಗಿತ್ತು. ಬ್ಯಾಟರಿಯ ತಲೆಗಳು ಶುಭ್ರವಾಗಿದ್ದವು. ವೈರು ಕಟ್ಟಿದ ಒಂದು ಬಲ್ಬನ್ನು ಡೈನಮೋದ ಮೇಲೆಯೇ ಹಿಡಿದೆ, ಝಗ್ಗೆಂದು ಹೊತ್ತಿತು. ಅದನ್ನೇ ಬ್ಯಾಟರಿಗೆ ಸಿಕ್ಕಿಸಿದೆ, ಮಂಕಾಯಿತು. ಅಂದರೆ ಕರೆಂಟು ಹುಟ್ಟುತ್ತಿದೆ, ಮನೆ ಸೇರುತ್ತಿಲ್ಲ. ಹೋಗುವ ವೈರು ಸರಿಯಾಗಿತ್ತು. ಉಳಿದದ್ದು ಎಂಜಿನ್ನಿನ ಮೈಯಿಂದ ಗಾಡಿಯ ಕಬ್ಬಿಣದ ಚೌಕಟ್ಟಿನ, ಅಂದರೆ ಚಾಸಿಯ, ಮೂಲಕ ಕರೆಂಟು ಬ್ಯಾಟರಿಗೆ ಮರಳುವ ದಾರಿ. ದಪ್ಪ ವೈರೊಂದರ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ತಲೆಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಒತ್ತಿದೆ. ಮಂಕಾಗಿದ್ದ ಬಲ್ಬು ಕಣ್ಣು ಬಿಟ್ಟಿತು.

ಕೆಳಗೆ ನುಸುಳಿ ನೋಡಿದೆ. ಎಂಜಿನ್ನನ್ನೂ ಚಾಸಿಯನ್ನೂ ಕೂಡಿಸುವ ಹೆಣೆದ ತಾಮ್ರದ ಪಟ್ಟಿ ಹಸಿರುಗಟ್ಟಿ ಪುಡಿಯಾಗಿ, ಹುಳು ಮೇಯ್ದು ಬಿಟ್ಟ ಸೊಪ್ಪಿನ ನರದಂತೆ ಒಂದೆರಡು ಎಳೆಗಳಲ್ಲಿ ಜೋತಾಡುತ್ತಿತ್ತು. ಬೋಲ್ಟಿನ ಸುತ್ತ ಬಿಳಿಯ ಹಕ್ಕಳೆ. ಮೂಸಿ ನೋಡಿದೆ. ಅದು ನಮ್ಮ ಬಕೆಟ್ಟಿನ ವಾಸನೆ.

ಹೊರಬಂದು ಹೇಳಿದಾಗ ಅತ್ತಿಗೆ ಬಗ್ಗಿ ಜೀಪಿನಡಿ ನೋಡಿದಳು. "ಹುಳ ಉಳ್ಸಾಕ್ ಹೋಗಿ ಗಾಡೀನೇ ಸಾಯಿಸ್ಬುಟ್ನೇನಪ್ಪಾ?"

"ಹುಳ ಉಳೀತಲ್ಲ, ಅತ್ಗೆ" ಎಂದೆ. ತುಕ್ಕು, ಧೂಳು, ಅಸಡ್ಡೆ, ಇವೇ ಯಂತ್ರದ ವೈರಿಗಳೆಂದು ನಂಬಿ ಬದುಕಿದವನು ನಾನು. ಶುಚಿಯೂ ತಿನ್ನುತ್ತದೆಯೇ? ತಿನ್ನುವಾಗ ಸದ್ದೂ ಮಾಡುವುದಿಲ್ಲವೇ? ನಾನು ಮನೆಯಲ್ಲಿ ದಿನದಿನವೂ ಎರಚುತ್ತ ಬಂದ ಶಿಸ್ತು ಕಣ್ಣಿಗೆ ಬೀಳದ ಯಾವ ಬೆಸುಗೆಯನ್ನು ಹೀಗೆ ಮೇಯ್ದಿದೆಯೋ ಎಂಬ ಯೋಚನೆ ಹೊತ್ತೇ ಸ್ಪ್ಯಾನರು ಹಿಡಿದು ಮತ್ತೆ ಜೀಪಿನಡಿಗೆ ನುಸುಳಿದೆ.

ಬೋಲ್ಟು ಕೂರುವ ಜಾಗವನ್ನು ಹೊಳೆಯುವವರೆಗೆ ಕೆರೆದು, ಆ ದಪ್ಪ ವೈರನ್ನೇ ಬಿಗಿದು, ಮೇಲೆ ಗ್ರೀಸು ಮೆತ್ತಿದೆ. ಜೀಪು ನಡುವೆ ಎಲ್ಲೂ ಕೆಮ್ಮದೆ ರಾಮನಗರ ಮುಟ್ಟಿತು. ಹರಾಜು ಮುಗಿಯುವ ಮೊದಲೇ ಗೂಡು ಮಾರಾಟವಾಯಿತು.

ಮರಳಿ ಬಂದಾಗ ಅತ್ತಿಗೆ ಚೊಂಬು ಹಿಡಿದು ನಿಂತಿದ್ದಳು, ಎರಚಲಿಲ್ಲ. ಆಕೆ ಅನುಮಾನಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಚಕ್ರಕ್ಕೆ ಮಾತ್ರ ಹುಯ್ಯಿ" ಎಂದೆ. ಚಕ್ರಗಳಿಗೆ ಮಾತ್ರ ಮೆಲ್ಲಗೆ ಹೊಯ್ದು, ನನ್ನ ಕಡೆ ತಿರುಗಿದಳು. "ನೀನು ಒಳೀಕ್ ಬರಂಗಿದ್ರೆ ಕೈ ತೊಳ್ಕಳಪ್ಪ."

ಬೋಲ್ಟು ಕೆರೆಯುವಾಗ ತರಚಿದ್ದ ಬೆರಳುಗಳನ್ನು ಬಕೆಟ್ಟಿಗೆ ಅದ್ದಿದೆ. ಚುರ್ ಎಂದಿತು. ಎಷ್ಟೋ ಸಲ ಅದ್ದಿದ್ದ ನೀರು ಅದು. ಅದಕ್ಕೆ ಹಲ್ಲಿದೆಯೆಂದು ಅಂದೇ ನನಗೆ ತಿಳಿದದ್ದು. ಆದರೂ ಕೈ ತೆಗೆಯಲಿಲ್ಲ. ಒಳಗೆ ಮುಂದಿನ ಬೆಳೆಯ ಹೊಸ ಮರಿಹುಳುಗಳು ಸೊಪ್ಪಿಗೆ ಕಾಯುತ್ತಿದ್ದವು.